ಹ್ಯಾಂಡ್ ಬ್ಲೆಂಡರ್ ಕೊಳ್ಳುವ ಮುನ್ನ ಅದನ್ನು ತಲೆಕೆಳಗಾಗಿ ಹಿಡಿದು ನೋಡಿ

ಮಸ್ಸೊಪ್ಪಿಗೆ ಬೇಯಿಸಿದ ಸೊಪ್ಪು ಮತ್ತು ಬೇಳೆಯನ್ನು ಪಾತ್ರೆಯಲ್ಲಿಯೇ ನುಣ್ಣಗೆ ಮಾಡುವುದಕ್ಕೆ, ರಾಗಿ ಅಂಬಲಿಯ ಗಂಟು ಒಡೆಯುವುದಕ್ಕೆ, ಮಜ್ಜಿಗೆಹುಳಿಗೆ ಮೊಸರು ಕಡೆಯುವುದಕ್ಕೆ ಹ್ಯಾಂಡ್ ಬ್ಲೆಂಡರ್‌ನಷ್ಟು ಸುಲಭವಾಗಿ ಒದಗುವ ಸಾಧನ ಅಡುಗೆಮನೆಯಲ್ಲಿ ಬೇರೊಂದಿಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಅದು ಕೊಂಡ ಕೆಲವೇ ತಿಂಗಳಲ್ಲಿ ಅಟ್ಟ ಸೇರುತ್ತದೆ. ಅಂಥ ಮನೆಗಳವರನ್ನು ಕೇಳಿದರೆ, ಡಬ್ಬಿಯ ಮೇಲಿನ ವ್ಯಾಟ್ ಸಂಖ್ಯೆಯನ್ನೂ ಜೊತೆಗೆ ಬರುವ ಬಿಡಿಭಾಗಗಳ ಚಿತ್ರವನ್ನೂ ನೋಡಿ ಕೊಂಡೆವೆನ್ನುತ್ತಾರೆ. ಆಹಾರಕ್ಕೆ ತಾಗುವ ಕೆಳಭಾಗವನ್ನು ತಿರುಗಿಸಿ ನೋಡಿದವರು ವಿರಳ.

ಮೊದಲ ಹಂತದಲ್ಲಿ ಅದರಿಂದ ಏನು ಮಾಡಿಸಿಕೊಳ್ಳಬೇಕೆಂಬುದನ್ನು ತೀರ್ಮಾನಿಸಿ. ಬೆಂದ ತರಕಾರಿ, ಬೇಳೆ, ಟೊಮೇಟೊ, ಹಣ್ಣು, ಮೊಸರು ಅದರ ಕೆಲಸ. ದೋಸೆ ಹಿಟ್ಟು, ಕಾಯಿ ಚಟ್ನಿ, ಒಣ ಮಸಾಲೆಪುಡಿ ಅದರ ಕೆಲಸವಲ್ಲ. ಮಿಕ್ಸಿಯ ಬದಲಿಗೆ ಇದೊಂದೇ ಸಾಕು ಎಂದು ಮಾರುವವರ ಮಾತನ್ನು ನಂಬಬೇಡಿ.

ಎರಡನೆಯದು ವ್ಯಾಟ್ ವಿಚಾರ. ಡಬ್ಬಿಯ ಮೇಲೆ ಬರೆದಿರುವುದು ಮೋಟಾರು ಎಳೆದುಕೊಳ್ಳುವ ವಿದ್ಯುತ್ತಿನ ಪ್ರಮಾಣವೇ ಹೊರತು ಅಲಗಿಗೆ ತಲುಪುವ ಶಕ್ತಿಯಲ್ಲ. 1950ರಲ್ಲಿ ಈ ಸಾಧನಕ್ಕೆ ಪೇಟೆಂಟ್ ಪಡೆದವರು ಸ್ವಿಟ್ಜರ್‌ಲೆಂಡಿನ ರೋಜೆ ಪೆರಿಂಜಾಕೆ. ಅವರ ಆವಿಷ್ಕಾರದಿಂದ ಹುಟ್ಟಿದ ಬ್ಯಾಮಿಕ್ಸ್ ಹೆಸರಿನಲ್ಲಿ 200 ವ್ಯಾಟ್ ಆಸುಪಾಸಿನ ಮಾದರಿಗಳು ಇಂದಿಗೂ ಮಾರಾಟವಾಗುತ್ತವೆ. ಮನೆಯ ಸಾರು, ತೊವ್ವೆ, ಸೂಪುಗಳಿಗೆ 250ರಿಂದ 400 ವ್ಯಾಟ್ ಧಾರಾಳವಾಗಿ ಸಾಕು. ವ್ಯಾಟ್‌ಗಿಂತ ಮುಖ್ಯವಾದ ಸಂಖ್ಯೆ ಹಿಡಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ: ಒಂದೇ ಸಮನೆ ಎಷ್ಟು ಹೊತ್ತು ಓಡಿಸಬಹುದು ಎಂಬುದು. ಕೆಲವು ಕಂಪನಿಗಳು ಇದನ್ನು ‘ಕೆ.ಬಿ. 1 ಮಿನಿಟ್’ ಎಂಬಂತೆ ಮುದ್ರಿಸುತ್ತವೆ. ಮತ್ತೆ ಕೆಲವು ಇಷ್ಟು ನಿಮಿಷ ಆನ್, ಇಷ್ಟು ನಿಮಿಷ ಆಫ್ ಎಂದು ಕೈಪಿಡಿಯಲ್ಲಿ ಬರೆಯುತ್ತವೆ. 800 ವ್ಯಾಟ್ ಎಂದು ಹೇಳಿಕೊಂಡು ಅರ್ಧ ನಿಮಿಷಕ್ಕೇ ವಿಶ್ರಾಂತಿ ಕೇಳುವ ಬ್ಲೆಂಡರ್‌ಗಿಂತ, 300 ವ್ಯಾಟಿನದಾದರೂ ಒಂದೆರಡು ನಿಮಿಷ ಬಿಸಿಯಾಗದೆ ಓಡುವ ಬ್ಲೆಂಡರ್ ಮನೆಗೆ ಹಿತ. ಕಡಿಮೆ ಬೆಲೆಯ ಸಾಧನಗಳಲ್ಲಿ ಮೋಟಾರು ಸುಟ್ಟುಹೋಗಲು ಮುಖ್ಯ ಕಾರಣ ಈ ಮಿತಿಯನ್ನು ಮೀರಿ ಗುಂಡಿ ಒತ್ತಿ ಹಿಡಿಯುವುದು.

ಮೂರನೆಯ ಹಂತದಲ್ಲಿ ಅವಸರ ಮಾಡಬಾರದು, ಏಕೆಂದರೆ ಜನ ಎಡವುವುದು ಇಲ್ಲಿಯೇ. ಅಂಗಡಿಯಲ್ಲಿ ಬ್ಲೆಂಡರನ್ನು ಹೊರತೆಗೆಸಿ, ಪ್ಲಗ್ ಹಾಕದೆ, ತಲೆಕೆಳಗಾಗಿ ಹಿಡಿಯಿರಿ. ಅಲಗನ್ನು ಸುತ್ತುವರಿದ ಗಂಟೆಯಾಕಾರದ ಕವಚ ಕಾಣುತ್ತದೆ. ಅದರ ಪಕ್ಕದಲ್ಲಿ ಕಿಂಡಿಗಳಿವೆಯೇ, ಅವು ಅಗಲವಾಗಿವೆಯೇ, ಕವಚದ ಅಂಚು ಅಲೆಯಂತೆ ಏರಿಳಿದಿದೆಯೇ ಎಂದು ನೋಡಿ. ತಿರುಗುವ ಅಲಗು ಕೆಳಗಿನ ಆಹಾರವನ್ನು ಒಳಗೆಳೆದುಕೊಂಡು ಪಕ್ಕದ ಕಿಂಡಿಗಳಿಂದ ಹೊರಗೆಸೆಯುತ್ತದೆ. ಪಾತ್ರೆಯಲ್ಲಿರುವುದೆಲ್ಲ ಸುತ್ತಿ ಬಂದು ಅಲಗಿಗೆ ಸಿಗುವುದು ಹೀಗೆ. ಕಿಂಡಿಗಳು ಸಣ್ಣದಾಗಿದ್ದು ಅಂಚು ಸಪಾಟಾಗಿದ್ದರೆ ಕವಚವು ಪಾತ್ರೆಯ ತಳಕ್ಕೆ ಕಚ್ಚಿಕೊಳ್ಳುತ್ತದೆ. ಗಾಬರಿಯಾದವರು ಗುಂಡಿ ಬಿಡದೆ ಜಗ್ಗಿ ಮೇಲೆತ್ತುತ್ತಾರೆ, ಬಿಸಿ ಸಾರು ಮುಖಕ್ಕೇ ಚಿಮ್ಮುತ್ತದೆ. ಇಂಥ ಅಪಾಯವನ್ನು ಅಂಗಡಿಯಲ್ಲಿಯೇ ಕಣ್ಣಿನಿಂದ ಗುರುತಿಸಬಹುದು.

ಅನಂತರ ಅಲಗನ್ನು ಗಮನಿಸಿ. ಅದು ಕವಚದ ಬಾಯಿಂದ ತೀರ ಒಳಗಿದ್ದರೆ ತಳದ ಪದರ ಹಾಗೆಯೇ ಉಳಿಯುತ್ತದೆ. ದಂಟಿನ ಸೊಪ್ಪಿನ ನಾರು ಯಾವ ಅಲಗಿಗೂ ಸುತ್ತಿಕೊಳ್ಳಬಲ್ಲದಾದ್ದರಿಂದ, ಎರಡಲಗಿನದಾಗಲಿ ನಾಲ್ಕಲಗಿನದಾಗಲಿ, ಸ್ಪಾಂಜಿನ ಮೂಲೆ ಅಥವಾ ಸಣ್ಣ ಬ್ರಷ್ ಒಳಗೆ ಹೋಗುವಷ್ಟು ಜಾಗವಿರುವುದನ್ನೇ ಆರಿಸಿ.

ದಂಡ ಸ್ಟೀಲಿನದೇ ಇರಲಿ. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಪ್ಲಾಸ್ಟಿಕ್ ದಂಡ ನಮ್ಮ ಅಡುಗೆಯ ಅರಿಶಿನಕ್ಕೆ ಬಹುಬೇಗ ಹಳದಿಯಾಗುತ್ತದೆ, ಒಲೆಯ ಮೇಲಿನ ಕಾದ ಪಾತ್ರೆಯ ಅಂಚಿಗೆ ತಾಗಿದರೆ ವಿಕಾರಗೊಳ್ಳುತ್ತದೆ. ಇಲ್ಲಿ ಒಂದು ಎಚ್ಚರಿಕೆ: ‘ಸ್ಟೀಲ್’ ಎಂದು ಮಾರುವ ಎಷ್ಟೋ ಮಾದರಿಗಳಲ್ಲಿ ಸ್ಟೀಲ್ ಇರುವುದು ಅಲಗಿಗೆ ಮಾತ್ರ. ಮನೆಯಲ್ಲಿ ನಾನ್‌ಸ್ಟಿಕ್ ಪಾತ್ರೆಗಳೇ ಹೆಚ್ಚಾಗಿದ್ದರೆ ಸ್ಟೀಲ್ ಕವಚ ಅದರ ಲೇಪವನ್ನು ಗೀಚುತ್ತದೆ. ಅಂಥವರು ಆಹಾರವನ್ನು ಸ್ಟೀಲ್ ಪಾತ್ರೆಗೆ ಸುರಿದುಕೊಂಡು ಕಡೆಯುವುದು ಮೇಲು.

ದಂಡದ ಉದ್ದವನ್ನು ಊಹೆಗೆ ಬಿಡಬೇಡಿ. ಅಂಗಡಿಗೆ ಹೊರಡುವ ಮುನ್ನ ನೀವು ದಿನವೂ ಬಳಸುವ ಕುಕ್ಕರ್ ಅಥವಾ ಪಾತ್ರೆಯಲ್ಲಿ ಸಾರು ಎಷ್ಟು ಎತ್ತರಕ್ಕೆ ನಿಲ್ಲುತ್ತದೆಂದು ಸ್ಕೇಲಿನಿಂದ ಅಳೆದುಕೊಳ್ಳಿ. ದಂಡವು ಮೋಟಾರಿಗೆ ಸೇರುವ ಸಂದು ಆ ಮಟ್ಟಕ್ಕಿಂತ ಕನಿಷ್ಠ ನಾಲ್ಕು ಬೆರಳು ಮೇಲಿರಬೇಕು. ಆ ಸಂದಿಗೆ ನೀರು ಹೋದರೆ ಮೋಟಾರು ಉಳಿಯುವುದಿಲ್ಲ. ದಂಡ ಬಿಚ್ಚಿ ತೊಳೆಯುವಂತಿರಲಿ. ಬಿಚ್ಚಿದಾಗ ಒಳಗೆ ಕಾಣುವ ಕೊಂಡಿಯ ಹಲ್ಲುಗಳು ಲೋಹದವಾಗಿದ್ದರೆ ಉತ್ತಮ, ಏಕೆಂದರೆ ಮೃದು ಪ್ಲಾಸ್ಟಿಕ್ಕಿನ ಹಲ್ಲು ಸವೆದ ಮೇಲೆ ಮೋಟಾರು ಮೊರೆಯುತ್ತದೆ, ಅಲಗು ತಿರುಗುವುದಿಲ್ಲ.

ನಾಲ್ಕನೆಯ ಹಂತ ಹಿಡಿ. ಅಂಗೈಯನ್ನು ಒದ್ದೆ ಮಾಡಿಕೊಂಡು ಹಿಡಿದು ನೋಡಿ, ಜಾರಬಾರದು. ಕೆಲಸ ಮಾಡುವಷ್ಟು ಹೊತ್ತೂ ಗುಂಡಿಯನ್ನು ಒತ್ತಿಯೇ ಇರಬೇಕಾದ್ದರಿಂದ ಸಂಧಿನೋವಿರುವ ಹಿರಿಯರು ಬಳಸುವುದಾದರೆ ಅವರ ಕೈಗೇ ಕೊಟ್ಟು ಒತ್ತಿಸಬೇಕು. ವೇಗಕ್ಕೆ ಎರಡು ಹಂತ ಸಾಕು. ಇಪ್ಪತ್ತು ಹಂತಗಳ ತಿರುಗುಗುಂಡಿಗೆ ಹೆಚ್ಚು ಹಣ ಕೊಡಬೇಕಾಗಿಲ್ಲ.

ಬಿಡಿಭಾಗಗಳಲ್ಲಿ ಈರುಳ್ಳಿ ಹೆಚ್ಚುವ ಬಟ್ಟಲು ಉಪಯುಕ್ತ, ಕೆನೆ ಕಡೆದು ಬೆಣ್ಣೆ ತೆಗೆಯುವವರಿಗೆ ವಿಸ್ಕ್ ಕೂಡ, ಉಳಿದವು ಅಟ್ಟಕ್ಕೆ. ವೈರು ಒಲೆಯ ಉರಿಯ ಮೇಲೆ ಹಾದುಹೋಗದೆ ಪಾತ್ರೆಯವರೆಗೆ ತಲುಪುವಷ್ಟು ಉದ್ದವಿರಲಿ. ಎರಡು ಪಿನ್ನಿನ ಪ್ಲಗ್ ಇದ್ದರೆ ಚೀಟಿಯಲ್ಲಿ ಚೌಕದೊಳಗೊಂದು ಚೌಕದ ಗುರುತನ್ನು ಹುಡುಕಿ. ಅದು ಇಮ್ಮಡಿ ವಿದ್ಯುತ್ ನಿರೋಧದ ಸೂಚನೆ. ವಾರಂಟಿ ಎಷ್ಟು ವರ್ಷದ್ದೆಂದು ಕೇಳುವುದರ ಜೊತೆಗೆ, ನಿಮ್ಮ ಊರಿನಲ್ಲಿ ದಂಡ ಮಾತ್ರ ಬಿಡಿಯಾಗಿ ಸಿಗುತ್ತದೆಯೇ ಎಂದು ತಪ್ಪದೆ ಕೇಳಿ.

ಮನೆಗೆ ತಂದ ದಿನವೇ, ಮರಳಿಸುವ ಅವಧಿ ಮುಗಿಯುವುದರೊಳಗೆ, ಪರೀಕ್ಷೆ ಮಾಡಿ. ಆಳದ ಬಿಳಿ ಪಾತ್ರೆಯಲ್ಲಿ ಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ. ಕವಚವನ್ನು ತುಸು ಓರೆಯಾಗಿ ಇಳಿಸಿ, ಒಳಗಿನ ಗಾಳಿ ಗುಳ್ಳೆಗಳಾಗಿ ಹೊರಬಂದ ಮೇಲಷ್ಟೇ ಗುಂಡಿ ಒತ್ತಿ. ಇಪ್ಪತ್ತು ಸೆಕೆಂಡು ಓಡಿಸಿ, ಗುಂಡಿ ಬಿಟ್ಟು, ಅಲಗು ಪೂರ್ತಿ ನಿಂತ ಮೇಲೆ ಹೊರತೆಗೆದು ಪ್ಲಗ್ ಕೀಳಿ. ನೀರಿನ ಮೇಲೆ ಬೂದು ಅಥವಾ ಕಪ್ಪು ಎಣ್ಣೆಯ ಎಳೆ ತೇಲಿದರೆ, ದಂಡದೊಳಗಿನ ಸೀಲ್ ಸರಿಯಾಗಿ ಕೂತಿಲ್ಲ, ಒಳಗಿನ ಗ್ರೀಸ್ ಹೊರಬರುತ್ತಿದೆ ಎಂದರ್ಥ. ಹೊಸತರಲ್ಲಿ ಹೀಗೆಯೇ ಎಂದು ಅಂಗಡಿಯವರು ಸಮಾಧಾನ ಹೇಳಿದರೂ ಒಪ್ಪಿಕೊಳ್ಳದೆ, ರಸೀದಿಯೊಂದಿಗೆ ಹೋಗಿ ಬದಲಾಯಿಸಿಕೊಂಡು ಬನ್ನಿ.