ಹಾರುಬೂದಿ ಡಬ್ಬಿಯಲ್ಲಿ ಜ್ವಾಲಾಮುಖಿಯ ಮಿಂಚು

ರಾಯಚೂರಿನಲ್ಲಿ ಬೂದಿಗೆ ಬರವಿಲ್ಲ. ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡುವ ಶಕ್ತಿನಗರದ ಕಡೆ, ಆ ಕಲ್ಲಿದ್ದಲಿನ ಹಾರುಬೂದಿಯಿಂದ ಇಟ್ಟಿಗೆ ಮಾಡುವವರನ್ನು ಕೇಳಿದರೆ ಒಂದು ಚೀಲ ಸುಮ್ನೆ ಕೊಡುತ್ತಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನಾನು ಜ್ವಾಲಾಮುಖಿಯ ಮಿಂಚನ್ನು ಅರ್ಥ ಮಾಡಿಸಲು ಹಿಡಿದದ್ದು ಇದನ್ನೇ.

ಜಪಾನಿನ ಸಕುರಾಜಿಮಾ ಜ್ವಾಲಾಮುಖಿ ಬೂದಿ ಉಗುಳುವಾಗ ಮಿಂಚು ಹೊಳೆಯುವ ವಿಡಿಯೋ ತೋರಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಸರಿಯಾದ ಪ್ರಶ್ನೆಯನ್ನೇ ಕೇಳಿದ. "ಸರ್, ಮಳಿ ಮೋಡನ ಇಲ್ಲ, ಮತ್ತ ಸಿಡ್ಲು ಹ್ಯಾಂಗ್ ಹೊಡಿತದ್ರಿ?"

ಉಜ್ಜಿದರೆ ಚಾರ್ಜ್ ಬರುತ್ತದೆ ಎಂದು ಎಲ್ಲರೂ ಓದಿರುತ್ತಾರೆ. ಬೂದಿ ಕಣಗಳು ಒಂದಕ್ಕೊಂದು ಬಡಿದಾಗಲೂ ಅದೇ ಆಗುತ್ತದೆ. ಆದರೆ ಅಷ್ಟರಿಂದಲೇ ಮಿಂಚು ಬರಲ್ಲ. ಪ್ಲಸ್ಸು, ಮೈನಸ್ಸು ಒಂದೇ ಕಡೆ ಬೆರೆತು ಕೂತರೆ ಲೆಕ್ಕ ಸೊನ್ನೆ. ಎರಡೂ ಬೇರೆಯಾಗಬೇಕು. ಅದನ್ನೇ ತೋರಿಸಬೇಕಿತ್ತು.

ಒಂದು ತಗಡಿನ ಡಬ್ಬಿ ತಗೊಂಡೆ. ಒಳಗೆ ಫೆವಿಕಾಲ್ ಹಚ್ಚಿ, ಅದರ ಮೇಲೆ ಬೂದಿ ಉದುರಿಸಿ ಒಣಗಿಸಿದೆ. ಹೀಗೆ ಮಾಡಿದರೆ ಬೂದಿ ತಗಡಿಗೆ ಉಜ್ಜುವುದಿಲ್ಲ, ಬೂದಿಗೇ ಉಜ್ಜುತ್ತದೆ. ಉಪ್ಪಿನಕಾಯಿ ಬಾಟಲಿ, ತಾಮ್ರದ ತಂತಿ, ಅಲ್ಯೂಮಿನಿಯಂ ಫಾಯಿಲಿನ ಎರಡು ಸಣ್ಣ ಪಟ್ಟಿ, ಇಷ್ಟರಲ್ಲಿ ಚಾರ್ಜ್ ಇದೆಯೇ ಎಂದು ತೋರಿಸುವ ವಿದ್ಯುದ್ದರ್ಶಕ ತಯಾರು. ಚಾರ್ಜ್ ಬಂದರೆ ಅದರ ಪಟ್ಟಿಗಳು ಒಂದನ್ನೊಂದು ದೂಡಿ ಬಿಚ್ಚಿಕೊಳ್ಳುತ್ತವೆ. ಡಬ್ಬಿಯನ್ನು ಥರ್ಮಾಕೋಲ್ ಮೇಲಿಟ್ಟು ಅದಕ್ಕೆ ತಂತಿ ಜೋಡಿಸಿದೆ.

ಸಣ್ಣ ಕಣದ ಬೂದಿ, ದಪ್ಪ ಕಣದ ಬೂದಿ ಎರಡನ್ನೂ ಬೆರೆಸಿ, ಡಬ್ಬಿಗೆ ಹಾಕಿ, ಮುಚ್ಚಿ, ಚೆನ್ನಾಗಿ ಕುಲುಕಿದೆ. ಮುಚ್ಚಳ ತೆಗೆದು, ಇದ್ದಬದ್ದ ಚಾರ್ಜ್ ಇಳಿದುಹೋಗಲಿ ಎಂದು ಡಬ್ಬಿಯನ್ನು ಒಮ್ಮೆ ಬೆರಳಿನಿಂದ ಮುಟ್ಟಿ ಬಿಟ್ಟೆ. ಪಟ್ಟಿಗಳು ಅಂಟಿಕೊಂಡೇ ಇದ್ದವು. ಆಮೇಲೆ ಸೈಕಲ್ ಪಂಪಿನಿಂದ ಒಳಗೆ ಗಾಳಿ ಬಿಟ್ಟೆ. ಸಣ್ಣ ಬೂದಿ ಹೊಗೆಯಂತೆ ಮೇಲೆದ್ದು ಹೋಯಿತು. ಪಟ್ಟಿಗಳು ಮೆಲ್ಲಗೆ ಬಿಚ್ಚಿಕೊಂಡವು.

ಒಣಗಿದ ತಲೆಕೂದಲಿಗೆ ಉಜ್ಜಿದ ಪ್ಲಾಸ್ಟಿಕ್ ಸ್ಕೇಲನ್ನು ಹತ್ತಿರ ತಂದರೆ ಪಟ್ಟಿಗಳು ಮತ್ತೆ ಮುದುಡಿದವು. ಸ್ಕೇಲಿನದು ಮೈನಸ್, ಅಂದರೆ ಡಬ್ಬಿಯಲ್ಲಿ ಉಳಿದದ್ದು ಪ್ಲಸ್. ಮೈನಸ್ಸನ್ನು ಹೊತ್ತು ಹೋದದ್ದು ಸಣ್ಣ ಕಣ. ಪ್ರತಿ ಸಲ ಇಷ್ಟು ಚೊಕ್ಕವಾಗಿ ಬರಲ್ಲ, ಬಿಡಿ. ಆದರೆ ಒಂದೇ ಬಗೆಯ ಕಣಗಳು ಬಡಿದಾಡಿದಾಗ ಸಾಮಾನ್ಯವಾಗಿ ಸಣ್ಣವು ಮೈನಸ್, ದೊಡ್ಡವು ಪ್ಲಸ್ ಆಗುತ್ತವೆ.

ಜ್ವಾಲಾಮುಖಿಯಲ್ಲಿ ಪಂಪಿನ ಕೆಲಸವನ್ನು ಬಿಸಿ ಗಾಳಿ ಮಾಡುತ್ತದೆ. ಸಣ್ಣ ಬೂದಿ ಮೇಲಕ್ಕೆ, ದಪ್ಪ ಕಣ ಕೆಳಕ್ಕೆ. ನಡುವಿನ ಎಳೆತ ಹೆಚ್ಚುತ್ತಾ ಹೋಗಿ ಗಾಳಿಯೇ ತಡೆಯಲಾರದಾದಾಗ ಮಿಂಚು. ನೆಲಮಟ್ಟದ ಒಣ ಗಾಳಿ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ತನಕ ತಡೆಯುತ್ತದೆ.

ನನ್ನ ಡಬ್ಬಿಯಲ್ಲಿ ಆಗದ್ದೂ ಇದೆ. ಜ್ವಾಲಾಮುಖಿಯ ಬೂದಿ ಸುಟ್ಟ ಬೂದಿಯಲ್ಲ, ಒಡೆದ ಗಾಜು ಮತ್ತು ಕಲ್ಲಿನ ಪುಡಿ. ಶಿಲಾಪಾಕ, ಅಂದರೆ ಕರಗಿದ ಕಲ್ಲು, ಸಿಡಿದು ಚೂರಾಗುವಾಗಲೇ ಚಾರ್ಜ್ ಹುಟ್ಟುತ್ತದೆ. ಹಾರುಬೂದಿಯ ಕಣಗಳೋ ಹೆಚ್ಚಾಗಿ ದುಂಡಗೆ, ಒಲೆಯ ಬಿಸಿಗೆ ಕರಗಿ ಗಟ್ಟಿಯಾದವು. ಇನ್ನೊಂದು, ಮಂಜುಗಡ್ಡೆ. ಬೂದಿ ಮೋಡ ಬಹಳ ಎತ್ತರ ಹೋದರೆ ಅದರಲ್ಲಿನ ನೀರಾವಿ ಹೆಪ್ಪುಗಟ್ಟುತ್ತದೆ. ಆಗ ನಮ್ಮ ಏಪ್ರಿಲ್, ಮೇ ತಿಂಗಳ ಗುಡುಗು ಮೋಡದಲ್ಲಿ ನಡೆಯುವುದೇ ಅಲ್ಲೂ ನಡೆಯುತ್ತದೆ, ಮಂಜಿನ ಕಣಗಳು ಬಡಿದಾಡಿ ಚಾರ್ಜ್ ಆಗುತ್ತವೆ. 2022ರ ಜನವರಿ 15ರಂದು ಟೋಂಗಾದ ಸಮುದ್ರದಲ್ಲಿ ಹುಂಗಾ ಜ್ವಾಲಾಮುಖಿ ಸಿಡಿದಾಗ ಮೋಡ ಸುಮಾರು 57 ಕಿಲೋಮೀಟರ್ ಎತ್ತರಕ್ಕೆ ಹೋಯಿತು. ಒಂದು ಹಂತದಲ್ಲಿ ನಿಮಿಷಕ್ಕೆ 2,600ಕ್ಕೂ ಜಾಸ್ತಿ ಮಿಂಚು. ಬೂದಿಯ ಜೊತೆ ಸಮುದ್ರದ ನೀರೂ ಮೇಲೆ ಹೋಗಿತ್ತು, ಅಲ್ವಾ?

ಮಾಡಿ ನೋಡುವವರು ಬಯಲಲ್ಲಿ ಮಾಡಿ. ಮೂಗು ಬಾಯಿಗೆ ಮಾಸ್ಕ್ ಇರಲಿ, ಈ ಬೂದಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಾರ್ಚ್ ತಿಂಗಳ ಮಧ್ಯಾಹ್ನ ಸರಿಯಾದ ಹೊತ್ತು. ಮಳೆಗಾಲದಲ್ಲಿ ಚಾರ್ಜ್ ನಿಲ್ಲುವುದಿಲ್ಲ. ಬೂದಿಯನ್ನು ಮೊದಲು ಹಂಚಿನ ಮೇಲೆ ಬಿಸಿ ಮಾಡಿ ತೇವ ತೆಗೆಯಿರಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ.