ಗೇಮ್ ವಿಮರ್ಶೆಗೆ ಲಾಯರ್ ನೋಟಿಸ್ ಬಂದರೆ: ತುಮಕೂರಿನ ವಿಡಿಯೊ ವಿಮರ್ಶಕರಿಗೆ

ಆಟ ಚೆನ್ನಾಗಿಲ್ಲ ಅಂದಿದ್ದಕ್ಕೇ ಕೋರ್ಟ್ ಮೆಟ್ಟಿಲು ಹತ್ತಿದವರಿದ್ದಾರೆ. ಡಿಜಿಟಲ್ ಹೋಮಿಸೈಡ್ ಎಂಬ ಅಮೆರಿಕದ ಸಣ್ಣ ಸಂಸ್ಥೆಯ ‘ದಿ ಸ್ಲಾಟರಿಂಗ್ ಗ್ರೌಂಡ್ಸ್’ ಆಟವನ್ನು ಗೇಮ್ ವಿಮರ್ಶಕ ಜಿಮ್ ಸ್ಟರ್ಲಿಂಗ್ 2014ರಲ್ಲಿ ವಿಡಿಯೊ ಮಾಡಿ ಜಾಲಾಡಿದರು. ಸಂಸ್ಥೆಯ ಜೇಮ್ಸ್ ರೊಮೈನ್ 2016ರ ಮಾರ್ಚ್‌ನಲ್ಲಿ, ವಕೀಲರನ್ನೂ ಇಟ್ಟುಕೊಳ್ಳದೆ, ಅರಿಜೋನಾದ ಫೆಡರಲ್ ಕೋರ್ಟಿನಲ್ಲಿ 1 ಕೋಟಿ ಡಾಲರ್‌ಗೂ ಹೆಚ್ಚಿನ ಪರಿಹಾರ ಕೇಳಿದರು. ಅದೇ ವರ್ಷ, ಗೇಮ್ ಮಾರುವ ಜಾಲತಾಣ ಸ್ಟೀಮ್‌ನ 100 ಬಳಕೆದಾರರ ಮೇಲೆ 1.8 ಕೋಟಿ ಡಾಲರ್‌ನ ಇನ್ನೊಂದು ದಾವೆ ಹೂಡಿದ್ದೇ ತಡ, ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಡಿಜಿಟಲ್ ಹೋಮಿಸೈಡ್‌ನ ಆಟಗಳನ್ನೆಲ್ಲ ಅಲ್ಲಿಂದ ಕಿತ್ತುಹಾಕಿತು. ಸ್ಟರ್ಲಿಂಗ್ ಮೇಲಿನ ದಾವೆ 2017ರ ಫೆಬ್ರುವರಿಯಲ್ಲಿ, ಮತ್ತೆ ಹೂಡಲು ಬಾರದ ಹಾಗೆ, ವಜಾ ಆಯಿತು.

ಇದನ್ನು ನೋಡಿ ತುಮಕೂರಿನಲ್ಲಿ ಕೂತವರು ಧೈರ್ಯ ತಂದುಕೊಳ್ಳುವ ಹಾಗಿಲ್ಲ. ನಮ್ಮಲ್ಲಿ ಮಾನನಷ್ಟ ಸಿವಿಲ್ ಅಷ್ಟೇ ಅಲ್ಲ, ಕ್ರಿಮಿನಲ್ ಕೂಡ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ 2 ವರ್ಷದವರೆಗೆ ಸಾದಾ ಸಜೆ, ದಂಡ ಅಥವಾ ಸಮುದಾಯ ಸೇವೆ ಇದೆ. ಅದೇ ಕಲಮಿನ ವಿನಾಯಿತಿಗಳಲ್ಲಿ ಒಂದು ನಮ್ಮ ಪಾಲಿನದು: ಜನರ ತೀರ್ಪಿಗೆಂದು ಹೊರಗಿಟ್ಟ ಕೃತಿಯ ಗುಣದೋಷದ ಬಗ್ಗೆ ಸದ್ಭಾವನೆಯಿಂದ ಹೇಳಿದ ಅಭಿಪ್ರಾಯ ಮಾನನಷ್ಟವಲ್ಲ. ದುಡ್ಡಿಗೆ ಮಾರಿದ ಗೇಮ್ ಅಂಥ ಕೃತಿಯೇ ಎಂದು ವಾದಿಸಲು ದಾರಿ ಚೆನ್ನಾಗಿದೆ.

ಆದ್ದರಿಂದ ಎಲ್ಲವೂ ನಿಂತಿರುವುದು ಅಭಿಪ್ರಾಯ ಯಾವುದು, ಸಂಗತಿ ಯಾವುದು ಎಂಬುದರ ಮೇಲೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು “ಗಟ್ಟಿಯಾಗಿದೆ, ದುಡ್ಡು ದಂಡ” ಅಂದರೆ ಅದು ನಿಮ್ಮ ನಾಲಿಗೆಯ ಮಾತು. “ನಿನ್ನೆಯ ಇಡ್ಲಿಯನ್ನೇ ಬಿಸಿ ಮಾಡಿ ಕೊಟ್ಟರು” ಅಂದರೆ ರುಜುವಾತು ಮಾಡಬೇಕು. ಗೇಮಿನಲ್ಲೂ ಹಾಗೇ. “ಇಷ್ಟು ಕೆಟ್ಟ ಆಟ ನಾನು ಆಡಿಲ್ಲ” ಅನ್ನಲು ಅಡ್ಡಿಯಿಲ್ಲ. “ಕಳ್ಳ ಮಾಲು”, “ಕದ್ದ ಚಿತ್ರಗಳು”, “ರಿವ್ಯೂ ಕೊಂಡುಕೊಂಡಿದ್ದಾರೆ” ಎನ್ನುವ ಮಾತುಗಳೇ ಕೋರ್ಟಿನಲ್ಲಿ ಕುತ್ತಿಗೆಗೆ ಬರುವುದು. ಚಿತ್ರ ಬೇರೆಡೆಯದು ಅನ್ನಿಸಿದರೆ ಮೂಲ ಚಿತ್ರವನ್ನೂ ಆಟದ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ತೋರಿಸಿ, “ಎರಡೂ ಒಂದೇ ಥರ ಕಾಣುತ್ತವೆ, ಅನುಮತಿ ಪಡೆದಿದ್ದಾರಾ?” ಎಂದು ಕೇಳಿ. ನೋಡುವವರಿಗೆ ಕಣ್ಣಿದೆ, ತೀರ್ಪು ಅವರೇ ಕೊಡಲಿ. ಡೆವಲಪರ್‌ನ ಮನೆ, ಜಾತಿ, ಹೆಂಡತಿ ಮಕ್ಕಳ ಸುದ್ದಿಗೆ ಹೋದಿರೋ, ಸದ್ಭಾವನೆಯ ವಾದ ಅಲ್ಲಿಗೇ ಬಿತ್ತು.

ಇನ್ನು ರೆಕಾರ್ಡಿಂಗ್. ಹೆಚ್ಚಿನವರು ಎಡವುವುದು ಇಲ್ಲೇ: ಎಡಿಟ್ ಮಾಡಿದ 12 ನಿಮಿಷ ಉಳಿಸಿಕೊಂಡು, ಜಾಗ ಸಾಲದೆಂದು ಮೂಲವನ್ನು ಅಳಿಸಿಬಿಡುತ್ತಾರೆ. ಆಟ ತೆರೆಯುವ ಮೊದಲೇ ಒಬಿಎಸ್ (ತೆರೆಯನ್ನು ರೆಕಾರ್ಡ್ ಮಾಡುವ ಸಾಫ್ಟ್‌ವೇರ್) ಶುರು ಮಾಡಿ, ಮುಚ್ಚಿದ ಮೇಲೆ ನಿಲ್ಲಿಸಿ. ಸೆಕೆಂಡಿಗೆ 6 ಮೆಗಾಬಿಟ್ (ಎಂಬಿಪಿಎಸ್) ಲೆಕ್ಕದಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ ಸುಮಾರು 2.7 ಜಿಬಿ ಆಗುತ್ತದೆ. 10 ಗಂಟೆ ಆಡಿದರೂ 27 ಜಿಬಿ, ಒಂದು ಪೆನ್ ಡ್ರೈವ್ ಸಾಕು. ಫೈಲನ್ನು ಎಂಕೆವಿ ರೂಪದಲ್ಲೇ ಉಳಿಸಿ. ಎಂಪಿ4 ಆದರೆ ನಡುವೆ ಕರೆಂಟ್ ಹೋದಾಗ ಇಡೀ ಫೈಲ್ ಹಾಳಾಗಬಹುದು. ಆಟದ ಆವೃತ್ತಿ ಸಂಖ್ಯೆ, ಕೊಂಡ ರಸೀದಿ, ಆಡಿದ ಗಂಟೆ ಮೂರನ್ನೂ ತೆರೆಯ ಮೇಲೆ ತೋರಿಸಿ. ಅಪ್‌ಡೇಟ್ ಬಂದ ಮೇಲೆ “ಅಂಥ ದೋಷವೇ ಇರಲಿಲ್ಲ” ಎಂದು ವಾದಿಸುವವರ ಬಾಯಿ ಮುಚ್ಚಿಸುವುದು ಆವೃತ್ತಿ ಸಂಖ್ಯೆಯೇ. ಎರಡೇ ಗಂಟೆ ಆಡಿದ್ದರೆ ಎರಡೇ ಗಂಟೆ ಎನ್ನಿ. ಆಟ ಪುಕ್ಕಟೆ ಬಂದಿದ್ದರೆ ಅದನ್ನೂ ಶುರುವಿನಲ್ಲೇ ಹೇಳಿಬಿಡಿ.

ಮೂಲ ಫೈಲಿನ ಶಾ-256 ಹ್ಯಾಶ್ (ಫೈಲ್ ಒಂದಿಷ್ಟು ಬದಲಾದರೂ ತಾನೂ ಬದಲಾಗುವ, ಬೆರಳಚ್ಚಿನಂಥ ಸಂಕೇತ) ಅಂದೇ ತೆಗೆದು, ದಿನಾಂಕದೊಂದಿಗೆ ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ. ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಕೋರ್ಟಿಗೆ ಕೊಡಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಕೇಳುತ್ತಾರೆ. ಅದರ ಒಂದು ಭಾಗಕ್ಕೆ ನೀವು, ಇನ್ನೊಂದಕ್ಕೆ ತಜ್ಞರು ಸಹಿ ಹಾಕಬೇಕು.

ನೋಟಿಸ್‌ಗೂ ಮೊದಲು ಸಾಮಾನ್ಯವಾಗಿ ಬರುವುದು ಕಾಪಿರೈಟ್ ಸ್ಟ್ರೈಕ್, ಅಂದರೆ ಕಾಪಿರೈಟ್ ದೂರಿನ ಮೇಲೆ ಯೂಟ್ಯೂಬ್ ವಿಡಿಯೊ ತೆಗೆದುಹಾಕುವುದು. ವಿಮರ್ಶೆಗೆಂದು ದೃಶ್ಯ ಬಳಸಲು ಕಾಪಿರೈಟ್ ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತದೆ, ಆದರೆ ಮಾತಿಲ್ಲದೆ ಅರ್ಧ ಗಂಟೆ ಆಟವನ್ನೇ ಓಡಿಸಿದರೆ ಅದು ವಿಮರ್ಶೆ ಎನಿಸಿಕೊಳ್ಳುವುದು ಕಷ್ಟ. ಯೂಟ್ಯೂಬ್‌ನಲ್ಲಿ ಆ ದೂರನ್ನು ಅಲ್ಲಗಳೆದು ಪ್ರತಿ-ನೋಟಿಸ್ ಕೊಟ್ಟರೆ, ದೂರು ಕೊಟ್ಟವರು 10 ಕೆಲಸದ ದಿನಗಳೊಳಗೆ ಕೋರ್ಟಿಗೆ ಹೋದ ದಾಖಲೆ ತೋರಿಸಬೇಕು. ಇಲ್ಲವಾದರೆ ವಿಡಿಯೊ ವಾಪಸ್ ಬರುತ್ತದೆ. ಒಂದು ಎಚ್ಚರ: ಪ್ರತಿ-ನೋಟಿಸ್‌ನಲ್ಲಿ ಬರೆದ ನಿಮ್ಮ ಹೆಸರು, ವಿಳಾಸ ಎದುರಿನವರ ಕೈ ಸೇರುತ್ತದೆ.

ಲಾಯರ್ ನೋಟಿಸ್ ಬಂದಾಗ ಮೊದಲು ಲಕೋಟೆ ಎತ್ತಿಡಿ, ಅದರ ಮೇಲಿನ ಅಂಚೆ ಮುದ್ರೆಯ ತಾರೀಖು ಮುಂದೆ ಬೇಕಾಗುತ್ತದೆ. ಗಾಬರಿಯಲ್ಲಿ ವಿಡಿಯೊ ಅಳಿಸಬೇಡಿ, ಅದು ನಿಮ್ಮ ಸಾಕ್ಷಿಯೂ ಹೌದು. ಡೆವಲಪರ್‌ಗೆ ಫೋನ್ ಮಾಡಿ ಜಗಳವಾಡಿದರೆ ಅದೂ ರೆಕಾರ್ಡ್ ಆಗುತ್ತದೆ. “7 ದಿನದಲ್ಲಿ 50 ಲಕ್ಷ ಕೊಡಿ” ಎಂಬುದು ಅವರ ವಕೀಲರು ಹಾಕಿದ ಗಡುವು, ಕೋರ್ಟಿನದಲ್ಲ. ಹಾಗೆಂದು ಸುಮ್ಮನಿರುವುದೂ ಸರಿಯಲ್ಲ. ನೋಟಿಸ್‌ನಲ್ಲಿ ಯಾವ ವಾಕ್ಯ ಸುಳ್ಳು ಎಂದಿದ್ದಾರೋ ಹುಡುಕಿ, ಪ್ರತಿಯೊಂದರ ಎದುರು ರೆಕಾರ್ಡಿಂಗ್‌ನ ನಿಮಿಷ-ಸೆಕೆಂಡ್ ಬರೆದುಕೊಂಡು ವಕೀಲರ ಹತ್ತಿರ ಹೋಗಿ. ಯಾವ ವಾಕ್ಯ ಎಂದೇ ಹೇಳಿಲ್ಲದಿದ್ದರೆ ಉತ್ತರದ ಮೊದಲ ಸಾಲು ಅದನ್ನೇ ಕೇಳಲಿ. ಒಂದು ಸಂಗತಿ ನಿಜಕ್ಕೂ ತಪ್ಪಾಗಿದ್ದರೆ ಅದನ್ನಷ್ಟೇ ತಿದ್ದಿ, ವಿಡಿಯೊದ ಕೆಳಗೆ ತಾರೀಖಿನೊಂದಿಗೆ ಹಾಕಿ. ಅಭಿಪ್ರಾಯಕ್ಕೆ ಕ್ಷಮೆ ಕೇಳಬೇಕಿಲ್ಲ.

ಠಾಣೆಯಿಂದ ಕರೆ ಬಂದರೆ ಹೆದರಬೇಡಿ. ಮಾನನಷ್ಟ ಅಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಲಾಗದ), ಜಾಮೀನು ಸಿಗುವ ಅಪರಾಧ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ನೊಂದವರೇ ಖಾಸಗಿ ದೂರು ಕೊಡಬೇಕು.

ಸಿವಿಲ್ ದಾವೆಯ ಸಮನ್ಸ್ ಬಂದರೆ ಮಾತ್ರ ದಿನ ಎಣಿಸಿ: ಲಿಖಿತ ಹೇಳಿಕೆಗೆ (ದಾವೆಗೆ ನಿಮ್ಮ ಉತ್ತರ) 30 ದಿನ, ಕೋರ್ಟ್ ಒಪ್ಪಿದರೆ 90 ದಿನದವರೆಗೆ. ಬರಹ ಅಥವಾ ವಿಡಿಯೊ ಮೂಲಕ ಆದ ಮಾನನಷ್ಟದ ದಾವೆಗೆ ಪ್ರಕಟವಾದ ದಿನದಿಂದ 1 ವರ್ಷ ಗಡುವು. ಹಳೆಯ ವಿಡಿಯೊವನ್ನು ಹೊಸದಾಗಿ ಏರಿಸಿದರೆ ಆ ಲೆಕ್ಕ ಮತ್ತೆ ಶುರುವಾಗಬಹುದು. ವಿಡಿಯೊ ತಡೆಯಲು ಮಧ್ಯಂತರ ಆದೇಶ ಕೇಳಿದ್ದರೆ, ವಿಚಾರಣೆಗೂ ಮೊದಲು ಅಂಥ ತಡೆ ಅಪರೂಪಕ್ಕೆ ಮಾತ್ರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಮತ್ತು ಜೀ ಕಂಪನಿ ನಡುವಿನ ಪ್ರಕರಣದಲ್ಲಿ ಹೇಳಿದ್ದನ್ನು ವಕೀಲರಿಗೆ ನೆನಪಿಸಿ.

ವಕೀಲರ ಫೀಸು ಹೊರಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳಲ್ಲಿ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯದ ಮಿತಿ ಇಲ್ಲ. ಸಹಾಯವಾಣಿ 15100.