ಹಳೇ ಕಾರಿಗೆ ಇಸಿಯು ಬದಲಾಯಿಸಿದ ನನ್ನ ಅನುಭವ

ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಹೋಗಿದೆ ಅಂತ ಯಾರಾದರೂ ಹೇಳಿದರೆ ತಕ್ಷಣ ದುಡ್ಡು ಬಿಚ್ಚಬೇಡಿ. ನನ್ನ ಹಳೇ ಪೆಟ್ರೋಲ್ ಕಾರಿನಲ್ಲಿ ಸ್ಟಾರ್ಟರ್ ತಿರುಗುತ್ತಿತ್ತು, ಎಂಜಿನ್ ಹಿಡಿಯುತ್ತಿರಲಿಲ್ಲ. ಕೀ ಆನ್ ಮಾಡಿದರೆ ಚೆಕ್ ಎಂಜಿನ್ ಲೈಟೂ ಇಲ್ಲ. ಸ್ಕ್ಯಾನರ್‌ಗೆ ಎಬಿಎಸ್ (ಬ್ರೇಕಿನ ಕಂಪ್ಯೂಟರ್) ಉತ್ತರ ಕೊಡುತ್ತಿತ್ತು, ಅದರಲ್ಲಿ ಯು0100 ಕೋಡ್ ಕೂತಿತ್ತು, ಅಂದರೆ ಇಸಿಯು ಜೊತೆ ಸಂಪರ್ಕವಿಲ್ಲ. ಆದರೆ ಸುಟ್ಟ ಫ್ಯೂಸ್, ಕೆಟ್ಟ ಮೇನ್ ರಿಲೇ (ಇಸಿಯುಗೆ ಕರೆಂಟ್ ಕೊಡುವ ಸ್ವಿಚ್), ತುಕ್ಕು ಹಿಡಿದ ಅರ್ತಿಂಗ್, ಇವೂ ಇದೇ ಆಟ ಆಡುತ್ತವೆ.

ಅದಕ್ಕೇ ಮೊದಲು ವೈರಿಂಗ್ ನೋಡಿದೆ. ಬರೀ ಮೀಟರ್‌ನಲ್ಲಿ 12 ವೋಲ್ಟ್ ಬಂದರೆ ಸಾಲದು, ತುಂಡಾಗುವ ಹಂತದ ವೈರೂ 12 ತೋರಿಸುತ್ತೆ. ಕನೆಕ್ಟರ್ ಕಳಚಿ, ಸಪ್ಲೈ ಮತ್ತು ಅರ್ತ್ ಪಿನ್ನಿಗೆ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಕೊಟ್ಟೆ. ಚೆನ್ನಾಗಿ ಉರಿಯಿತು, ಅಂದರೆ ವೈರಿಂಗ್ ಸರಿ ಇದೆ. ಕನೆಕ್ಟರ್ ಮತ್ತೆ ಹಾಕಿ ನೋಡಿದರೆ ಸೆನ್ಸರ್‌ಗಳಿಗೆ ಇಸಿಯು ಕೊಡಬೇಕಾದ 5 ವೋಲ್ಟ್ ಇಲ್ಲ. ಒಂದು ಸೆನ್ಸರ್ ಶಾರ್ಟ್ ಆದರೂ ಈ 5 ವೋಲ್ಟ್ ಬಿದ್ದುಹೋಗುತ್ತೆ, ಹಾಗಾಗಿ ಒಂದೊಂದನ್ನೇ ಕಳಚುತ್ತಾ ಹೋದೆ. ಎಲ್ಲ ಕಳಚಿದರೂ ಸೊನ್ನೆ. ಆಗಲೇ ಇಸಿಯು ಬಿಚ್ಚಿದ್ದು. ಮುಚ್ಚಳ ತೆಗೆದರೆ ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು. ವೈಪರ್ ಕೆಳಗಿನ ನೀರಿನ ದಾರಿಯಲ್ಲಿ ಎಲೆ ಕಟ್ಟಿಕೊಂಡು, ಮಳೆನೀರು ಅಲ್ಲಿಂದ ಇಳಿದಿತ್ತು. ಅದನ್ನು ಸರಿಮಾಡದೆ ಹೊಸದು ಹಾಕಿದರೆ ಅದೂ ಹೋಗುತ್ತೆ ಅಷ್ಟೇ.

ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ನೋಡೋಕೆ ಒಂದೇ ಥರ ಇದ್ದರೆ ಆಗಲ್ಲ, ಲೇಬಲ್ಲಿನ ಪಾರ್ಟ್ ನಂಬರ್ ಕೊನೇ ಅಕ್ಷರದವರೆಗೂ ಹೊಂದಬೇಕು.

ತಲೆನೋವು ಇರೋದು ಕಳ್ಳರು ಕಾರು ಸ್ಟಾರ್ಟ್ ಮಾಡದಂತೆ ತಡೆಯುವ ಇಮ್ಮೊಬಿಲೈಸರ್‌ನಲ್ಲಿ. ಬೇರೆ ಕಾರಿನ ಇಸಿಯು ಸುಮ್ನೆ ತಂದು ಸಿಕ್ಕಿಸಿದರೆ ನಿಮ್ಮ ಕೀಯನ್ನು ಅದು ಗುರುತಿಸಲ್ಲ. ನನ್ನ ಇಸಿಯುವಿನಲ್ಲಿ ಆ ಮಾಹಿತಿ ಎಂಟು ಕಾಲಿನ ಸಣ್ಣ ಮೆಮೊರಿ ಚಿಪ್ಪಿನಲ್ಲಿತ್ತು, ಪುಣ್ಯಕ್ಕೆ ಅದಕ್ಕೆ ಏನೂ ಆಗಿರಲಿಲ್ಲ. ಇಸಿಯು ರಿಪೇರಿ ಮಾಡುವ ಹುಡುಗನೊಬ್ಬ ಎರಡೂ ಚಿಪ್ಪಿನ ಮಾಹಿತಿ ಓದಿ, ನನ್ನ ಹಳೇದರ ಮಾಹಿತಿಯನ್ನು ಗುಜರಿಯಿಂದ ತಂದದ್ದಕ್ಕೆ ಬರೆದುಕೊಟ್ಟ. ಎರಡೂ ಫೈಲ್ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ, ನಾಚಿಕೆ ಬೇಡ.

ಕೂರಿಸೋದು ಸುಲಭ. ಬ್ಯಾಟರಿಯ ನೆಗೆಟಿವ್ ಕಳಚಿ, 10ರ ಸ್ಪ್ಯಾನರ್‌ನಲ್ಲಿ ಬೋಲ್ಟ್ ಬಿಗಿದು, ಕನೆಕ್ಟರಿನ ಲಿವರ್ ಪೂರ್ತಿ ಮಡಚಿ ಲಾಕ್ ಮಾಡಿದೆ. ಬ್ಯಾಟರಿ ಮತ್ತೆ ಜೋಡಿಸಿ ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಯ್ತು, ಆದರೆ ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ವೇಗ) ಏರಿಳಿಯುತ್ತಿತ್ತು. ಸ್ಕ್ಯಾನರ್‌ನಲ್ಲಿ ಥ್ರಾಟಲ್ ರೀಲರ್ನ್ ಮಾಡಿ (ಎಂಜಿನ್ನಿಗೆ ಗಾಳಿ ಬಿಡುವ ಕವಾಟದ ಸ್ಥಾನವನ್ನು ಇಸಿಯುಗೆ ಮತ್ತೆ ಕಲಿಸಿ), ಎಂಜಿನ್ ಬಿಸಿಯಾದ ಮೇಲೆ ಎಸಿ ಇಲ್ಲದೆ ಸ್ವಲ್ಪ ಹೊತ್ತು, ಎಸಿ ಹಾಕಿ ಸ್ವಲ್ಪ ಹೊತ್ತು ಓಡಲು ಬಿಟ್ಟೆ. ಒಂದು ಹದಕ್ಕೆ ಬಂತು. ಆಮೇಲೆ ಎಮಿಷನ್ ಟೆಸ್ಟೂ ಮಾಡಿಸಿದೆ, ಪಾಸಾಯ್ತು.